ಕೊಬ್ಬರಿ ಎಣ್ಣೆ ಗಟ್ಟಿಯಾದ ಊರಿಗೆ

ಮೈಸೂರಿನಿಂದ ಹೊರಟಾಗ ಅತ್ತೆಯ ಚೀಲದಲ್ಲಿ ಕೊಬ್ಬರಿ ಎಣ್ಣೆಯ ಒಂದು ಪುಟ್ಟ ಗಾಜಿನ ಬಾಟಲಿ ಇತ್ತು. ಏಪ್ರಿಲ್ ತಿಂಗಳ ಸೆಕೆ. ಎಣ್ಣೆ ನೀರಿನ ಹಾಗೆ ಅಲ್ಲಾಡುತ್ತಿತ್ತು. ಮರುದಿನ ಬೆಳಿಗ್ಗೆ ನೀಲಗಿರಿ ಬೆಟ್ಟದ ಕೂನೂರಿನ ರೂಮಿನಲ್ಲಿ ಅತ್ತೆ ಮೊಮ್ಮಗಳ ತಲೆಗೆ ಹಚ್ಚಲು ಬಾಟಲಿ ಬಗ್ಗಿಸಿದರು. ಒಂದು ಹನಿಯೂ ಬೀಳಲಿಲ್ಲ. ಒಳಗೆ ಬೆಳ್ಳಗೆ ಮೇಣದ ಹಾಗೆ ಕೂತಿತ್ತು.

ಆರು ವರ್ಷದ ಮಗ ಬಾಟಲಿ ಕಿತ್ತುಕೊಂಡು ತಲೆಕೆಳಗೆ ಹಿಡಿದ. ಅಲ್ಲಾಡಿಸಿದ. ಕೊನೆಗೆ ಕೇಳಿದ, "ಅಜ್ಜಿ, ಇದಕ್ಕೆ ಚಳಿ ಆಯ್ತಾ?"

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗಲು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಡಿಸೆಂಬರ್ ಬೆಳಿಗ್ಗೆ ಮಾತ್ರ ಕಾಣುವುದು ಇಲ್ಲಿ ಬೇಸಿಗೆಯ ನಡುವೆಯೇ ಕಂಡಿತು. ಹತ್ತು ವರ್ಷದ ಮಗಳು ತನ್ನ ನೋಟ್‌ಬುಕ್ ತೆಗೆದು ಮೊದಲ ಸಾಲು ಬರೆದಳು: "ಎಣ್ಣೆ ಗಟ್ಟಿ." ಆ ಬಾಟಲಿಯೇ ಮುಂದಿನ ನಾಲ್ಕು ದಿನ ನಮ್ಮ ಥರ್ಮಾಮೀಟರ್ ಆಯಿತು.

ಐದು ಜನ ನಾವು. ನಾನು, ನಮ್ಮೆಜಮಾನರು, ಅತ್ತೆ, ಇಬ್ಬರು ಮಕ್ಕಳು. ಕೈಯಲ್ಲಿ ಜಾಸ್ತಿ ದುಡ್ಡು ಇರಲಿಲ್ಲ. ಹಾಗಂತ ಬೇಸಿಗೆ ರಜೆ ಪೂರ್ತಿ ಮಕ್ಕಳನ್ನು ಫ್ಯಾನಿನ ಕೆಳಗೆ ಕೂರಿಸುವುದೂ ಬೇಡವಾಗಿತ್ತು. ಅದಕ್ಕೇ ನೀಲಗಿರಿಗೆ ಸರ್ಕಾರಿ ಬಸ್ಸಿನಲ್ಲಿ ಹೊರಟೆವು. ಈಗ ಸ್ವಂತ ಕಾರಿನಲ್ಲೋ ಟ್ಯಾಕ್ಸಿಯಲ್ಲೋ ನೀಲಗಿರಿಗೆ ಹೋಗುವವರು ಇ-ಪಾಸ್ ತೆಗೆದುಕೊಳ್ಳಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಬಂದ ನಿಯಮ ಇದು. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ಶನಿವಾರ ಭಾನುವಾರ 8,000 ವಾಹನ ಅಂತ ಮಿತಿಯನ್ನೂ ಹಾಕಿದ್ದರು. ಸರ್ಕಾರಿ ಬಸ್ಸಿಗೆ, ರೈಲಿಗೆ ಈ ತಾಪತ್ರಯ ಇಲ್ಲ. ಬಸ್ಸು ಹತ್ತಿದರೆ ಆಯಿತು. ಆದರೆ ನೀರಿಗೆ ಸ್ಟೀಲ್ ಬಾಟಲಿಯನ್ನೇ ಇಟ್ಟುಕೊಳ್ಳಿ. ಆ ಜಿಲ್ಲೆಯೊಳಗೆ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ ಇದೆ.

ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ಕಾಡಿನ ರಸ್ತೆ ಮುಚ್ಚಿರುತ್ತದೆ, ಹಾಗಾಗಿ ನಾವು ಬೆಳಗಿನ ಬಸ್ಸನ್ನೇ ಹಿಡಿದಿದ್ದೆವು. ಮಕ್ಕಳಿಬ್ಬರೂ ಒಂದೊಂದು ಕಿಟಕಿ ಹಂಚಿಕೊಂಡು ಜಿಂಕೆ ಎಣಿಸಲು ಶುರು ಮಾಡಿದರು. ಎಡಗಡೆ 41, ಬಲಗಡೆ 17. ಬಲಗಡೆಯವನಿಗೆ ಅಳು ಬರುವ ಹೊತ್ತಿಗೆ ಸರಿಯಾಗಿ ಅವನ ಕಡೆಯೇ ಒಂದು ಆನೆ ನಿಂತಿತ್ತು, ಮರಿ ಜೊತೆಗೆ. ಸಫಾರಿ ಟಿಕೆಟ್ ಇಲ್ಲದೆ ಬಸ್ಸಿನ ಕಿಟಕಿಯಲ್ಲಿ ಸಿಕ್ಕ ಆನೆ ಅದು.

ಗೂಡಲೂರಿನಿಂದ ಮೇಲೆ ತಿರುವುಗಳು. ಮಗ ಎರಡು ಸಲ ವಾಂತಿ ಮಾಡಿದ. ಹೊರಡುವ ಮುಂಚೆ ಹೊಟ್ಟೆ ತುಂಬ ದೋಸೆ ತಿನ್ನಿಸಿದ್ದು ನನ್ನದೇ ತಪ್ಪು. ಮಕ್ಕಳ ಜೊತೆ ಘಟ್ಟ ಹತ್ತುವವರು ಸ್ವಲ್ಪವೇ ತಿನ್ನಿಸಿ, ಬಸ್ಸಿನ ಮುಂದಿನ ಸೀಟು ಹಿಡಿಯಿರಿ. ನಡುವಟ್ಟಂ ಹತ್ತಿರ ಮಗಳಿಗೆ ಕಿವಿ ಗುಂಯ್ ಅಂತ ಕಟ್ಟಿಕೊಂಡಿತು. ಎಂಜಲು ನುಂಗು ಅಂದೆ. ಟಪ್ ಅಂತ ಬಿಟ್ಟಿತು. ಮೇಲೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಕಿವಿಯ ಒಳಗಿನ ಗಾಳಿ ಅದಕ್ಕೆ ಹೊಂದಿಕೊಳ್ಳಲು ದಾರಿ ಹುಡುಕುತ್ತದೆ ಅಂತ ಅವರಪ್ಪ ವಿವರಿಸಿದರು. ಆಮೇಲೆ ಪ್ರತಿ ಸಲ ಕಿವಿ ಟಪ್ ಅಂದಾಗಲೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು.

ನಾವು ಉಳಿದದ್ದು ಊಟಿಯಲ್ಲಲ್ಲ, ಕೂನೂರಿನಲ್ಲಿ. ಫ್ಲವರ್ ಶೋ ನಡೆಯುವ ಮೇ ತಿಂಗಳಿಗೆ ಮುಂಚೆ, ವಾರದ ಮಧ್ಯದ ದಿನಗಳಲ್ಲಿ. ಪುಟ್ಟ ಅಡುಗೆಮನೆ ಇರುವ ರೂಮು. ಇಡೀ ಪ್ರವಾಸದ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು, ಆದರೂ ಬೆಳಗಿನ ತಿಂಡಿ, ರಾತ್ರಿ ಊಟ ಅಲ್ಲೇ ಆದದ್ದರಿಂದ ಲೆಕ್ಕ ಸರಿಹೋಯಿತು. ಮೊದಲ ರಾತ್ರಿ ಅತ್ತೆ ಪಾತ್ರೆಯಲ್ಲಿ ಬೇಳೆ ಇಟ್ಟರು. ಎಷ್ಟು ಹೊತ್ತಾದರೂ ಬೇಯಲೇ ಇಲ್ಲ. ಬೇಳೆ ಹಳೇದು ಅಂತ ಅವರಿಗೆ ಬೇಜಾರು. ಬೇಳೆಯದ್ದೇನೂ ತಪ್ಪಿರಲಿಲ್ಲ. ಕೂನೂರು ಸಮುದ್ರಮಟ್ಟದಿಂದ ಸುಮಾರು 1,850 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 100 ಡಿಗ್ರಿಯವರೆಗೆ ಕಾಯುವುದೇ ಇಲ್ಲ, 94ರ ಹತ್ತಿರವೇ ಕುದಿದುಬಿಡುತ್ತದೆ. ಕುದಿಯುವ ನೀರೇ ಕಡಿಮೆ ಬಿಸಿಯಾದರೆ ಬೇಳೆ ನಿಧಾನ ಆಗಲೇಬೇಕಲ್ವಾ? ಮರುದಿನ ಪಕ್ಕದ ಮನೆಯವರಿಂದ ಕುಕ್ಕರ್ ಕೇಳಿ ತಂದೆವು.

ಕೂನೂರಿನಲ್ಲಿ ಮಕ್ಕಳು ಅತಿ ಹೆಚ್ಚು ಖುಷಿಪಟ್ಟ ಜಾಗ ರೈಲ್ವೆ ಸ್ಟೇಷನ್. ಬೆಳಿಗ್ಗೆ ಮೇಟ್ಟುಪಾಳಯಂನಿಂದ ಬೆಟ್ಟದ ರೈಲು ಬರುತ್ತದೆ. ನಾವು ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಕಾದೆವು. ಮೊದಲು ಸದ್ದು, ಆಮೇಲೆ ಮರಗಳ ಮೇಲೆ ಬಿಳಿ ಹೊಗೆ, ಆಮೇಲೆ ನೀಲಿ ಬೋಗಿಗಳು. ಎಂಜಿನ್ ಮಾತ್ರ ಇಲ್ಲ! ಮಗ ಗಾಬರಿಯಾದ. ರೈಲು ಪೂರ್ತಿ ಮುಂದೆ ಬಂದಾಗ ಕಂಡಿತು, ಉಗಿ ಎಂಜಿನ್ ಹಿಂದಿನಿಂದ ತಳ್ಳುತ್ತಿತ್ತು. ಏರು ದಾರಿಯಲ್ಲಿ ಬೋಗಿ ಕಳಚಿಕೊಂಡರೂ ಕೆಳಗೆ ಜಾರಿ ಹೋಗದ ಹಾಗೆ ಎಂಜಿನ್ ಯಾವಾಗಲೂ ಇಳಿಜಾರಿನ ಕಡೆಗೇ ಇರುತ್ತದೆ.

ಕಲ್ಲಾರ್‌ನಿಂದ ಕೂನೂರಿನವರೆಗೆ ಈ ದಾರಿ ಎಷ್ಟು ಕಡಿದು ಅಂದರೆ, ಸುಮಾರು 12 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಬರೀ ಕಬ್ಬಿಣದ ಗಾಲಿ ಅಲ್ಲಿ ಜಾರುತ್ತದೆ. ಅದಕ್ಕೇ ಎರಡು ಕಂಬಿಗಳ ನಡುವೆ ಹಲ್ಲಿರುವ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಹೊಟ್ಟೆ ಕೆಳಗೆ ಹಲ್ಲುಗಾಲಿ ಇದೆ. ಹಲ್ಲಿಗೆ ಹಲ್ಲು ಕಚ್ಚಿಕೊಂಡು ಹತ್ತುತ್ತದೆ. "ಸೈಕಲ್ ಚೈನ್ ಥರ," ಅಂದಳು ಮಗಳು. ಹೌದು, ಹಾಗೇ. ಕೂನೂರಿನವರೆಗೆ 1899ರಲ್ಲಿ ರೈಲು ಬಂತು, ಊಟಿಗೆ ತಲುಪಿದ್ದು 1908ರಲ್ಲಿ. 46 ಕಿಲೋಮೀಟರ್‌ನಲ್ಲಿ 208 ತಿರುವು, 16 ಸುರಂಗ, 250 ಸೇತುವೆ. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಕೂನೂರಿನಲ್ಲಿ ಉಗಿ ಎಂಜಿನ್ ಬಿಚ್ಚಿ ಡೀಸೆಲ್ ಎಂಜಿನ್ ಹಾಕುತ್ತಾರೆ. ಆ ಕೆಲಸ ನೋಡುತ್ತಾ ಒಂದೂವರೆ ಗಂಟೆ ಹೋಯಿತು. ಮರುದಿನವೂ ಅಲ್ಲಿಗೇ ಹೋಗಬೇಕು ಅಂತ ಮಗನ ಹಟ. ಹೋದೆವು.

ಅವತ್ತು ಸಂಜೆ ಸಿಮ್ಸ್ ಪಾರ್ಕ್. 1874ರಲ್ಲಿ ಒಂದು ಕಣಿವೆಯನ್ನೇ ಪಾರ್ಕ್ ಮಾಡಿದ್ದು ಅದು. ಸಣ್ಣ ಟಿಕೆಟ್. ರುದ್ರಾಕ್ಷಿ ಮರ ನೋಡಿ ಅತ್ತೆ ನಿಂತೇಬಿಟ್ಟರು. ಅಷ್ಟರಲ್ಲಿ ಮಳೆ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಎಲ್ಲರಿಗೂ ಒಂದೊಂದು ಸ್ವೆಟರ್ ಜೊತೆ ಕೊಡೆಯೂ ಬೇಕು.

ಮೂರನೇ ದಿನ ಕೂನೂರಿನಿಂದ ಊಟಿಗೆ ರೈಲು. ಮುಂಚೆ ಬುಕ್ ಮಾಡಿರಲಿಲ್ಲ. ಬೇಗ ಹೋಗಿ ಕೌಂಟರಿನಲ್ಲಿ ನಿಂತು ಎರಡನೇ ದರ್ಜೆ ಟಿಕೆಟ್ ತೆಗೆದುಕೊಂಡೆವು. ಐವರ ಟಿಕೆಟ್ಟಿನ ದುಡ್ಡು ಹೋಟೆಲಿನಲ್ಲಿ ಒಂದು ಹೊತ್ತಿನ ಊಟಕ್ಕಿಂತ ಕಡಿಮೆ. ನಮ್ಮ ಎದುರಿಗೆ ಬಿಳಿ ಬಟ್ಟೆ ಉಟ್ಟು, ತಲೆಗೂ ಬಿಳಿ ವಸ್ತ್ರ ಕಟ್ಟಿದ್ದ ಒಬ್ಬರು ಅಜ್ಜಿ ಕೂತರು. ಮೊಮ್ಮಗನ ಜೊತೆ ಅವರು ಮಾತಾಡುವುದನ್ನು ಕೇಳಿ ಅತ್ತೆ ಕಿವಿ ನಿಮಿರಿಸಿದರು. "ಏನಮ್ಮ ಇದು, ಕನ್ನಡದ ಹಾಗೇ ಇದೆ!"

ಅವರು ಬಡಗರು. ಬಡಗಣ ಅಂದರೆ ಉತ್ತರ, ಉತ್ತರದಿಂದ ಬಂದವರು ಬಡಗರು. ಶತಮಾನಗಳ ಹಿಂದೆ ಮೈಸೂರು ಸೀಮೆಯ ಕಡೆಯಿಂದ ಬೆಟ್ಟ ಹತ್ತಿದವರು ಅಂತ ಹೇಳುತ್ತಾರೆ. ಅತ್ತೆ ತಮ್ಮ ನಂಜನಗೂಡು ಕಡೆಯ ಕನ್ನಡದಲ್ಲಿ ಕೇಳಿದರು, ಆ ಅಜ್ಜಿ ಬಡಗ ಮಾತಿನಲ್ಲಿ ಹೇಳಿದರು. ಅರ್ಧ ಅರ್ಥವಾಯಿತು, ಉಳಿದರ್ಧ ಕೈಸನ್ನೆ. ಅವರ ಊರಿಗೆ ಅವರು ಹೇಳುವ ಪದ ಹಟ್ಟಿ. ಹಬ್ಬಕ್ಕೆ ಹಬ್ಬ ಅಂತಲೇ. ಕೇತ್ತಿ ಕಣಿವೆ ಬಂದಾಗ ಮಕ್ಕಳು ಕಿಟಕಿಯಲ್ಲಿ ಜೋತುಬಿದ್ದಿದ್ದರು, ಈ ಇಬ್ಬರು ಮಾತ್ರ ಹೊರಗೆ ನೋಡಲೇ ಇಲ್ಲ. ಇಳಿಯುವಾಗ ಆ ಅಜ್ಜಿ ನನ್ನ ಮಗಳ ಗಲ್ಲ ಹಿಡಿದು ಏನೋ ಹೇಳಿದರು. ಹರಸಿದರು ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ.

ಅಲ್ಲಿಂದ ಇನ್ನೊಂದು ಆಟ ಹುಟ್ಟಿತು. ಬೋರ್ಡುಗಳಲ್ಲಿ ಕನ್ನಡ ಹುಡುಕುವುದು. ದೊಡ್ಡಬೆಟ್ಟ ಸುಲಭ. ಕಲ್ಹಟ್ಟಿ ಅಂದರೆ ಕಲ್ಲಿನ ಹಟ್ಟಿ. ಹುಲಿಕಲ್ ದುರ್ಗದಲ್ಲಿ ಹುಲಿಯೂ ಇದೆ, ಕಲ್ಲೂ ಇದೆ. ಇಂಗ್ಲಿಷಿನಲ್ಲಿ ಬರೆದ ಉದ್ದ ಹೆಸರನ್ನು ಮಗಳು ಮೂರು ನಾಲ್ಕು ಥರ ಉಚ್ಚರಿಸಿ, ಯಾವುದೋ ಒಂದರಲ್ಲಿ ಕನ್ನಡ ಸಿಕ್ಕಿದಾಗ ಕಿರುಚುತ್ತಿದ್ದಳು. ಊಟಿಗೆ ಎಷ್ಟೋ ಸಲ ಹೋಗಿದ್ದೇನೆ. ಈ ಹೆಸರುಗಳನ್ನು ಒಮ್ಮೆಯೂ ನಿಂತು ಓದಿರಲಿಲ್ಲ.

ಊಟಿಯಲ್ಲಿ ಒಂದು ಎಡವಟ್ಟೂ ಆಯಿತು. ಎಲ್ಲರೂ ಹೋಗುತ್ತಾರೆ ಅಂತ ನಾವೂ ಒಂದು ಮನರಂಜನೆ ಜಾಗಕ್ಕೆ ಹೋದೆವು. ಬಿಸಿಲಿನಲ್ಲಿ ಒಂದೂವರೆ ಗಂಟೆ ಕ್ಯೂ. ಒಳಗೆ ಮತ್ತೆ ಒಂದೊಂದಕ್ಕೂ ಬೇರೆ ಟಿಕೆಟ್. ಮಗ ಅಳಲು ಶುರು ಮಾಡಿದ, ಅತ್ತೆಗೆ ಕಾಲು ನೋವು. ಅರ್ಧಕ್ಕೇ ಬಿಟ್ಟು ಹೊರಬಂದೆವು. ಆ ದಿನದ ಸಿಟ್ಟು ನನಗಿನ್ನೂ ಇದೆ. ಎರಡು ಗಂಟೆ ಅಂದರೆ ಮಕ್ಕಳ ಪಾಲಿಗೆ ಅರ್ಧ ದಿನ.

ಬೊಟಾನಿಕಲ್ ಗಾರ್ಡನ್ನಿಗೆ ಹೋದ ಮೇಲೆ ಮನಸ್ಸು ತಿಳಿಯಾಯಿತು. 1848ರಲ್ಲಿ ಶುರುವಾದ ತೋಟ, ಸುಮಾರು 22 ಹೆಕ್ಟೇರ್. ಅಲ್ಲಿ ಒಂದು ಮರದ ಕಾಂಡ ಇದೆ. ಎರಡು ಕೋಟಿ ವರ್ಷದ ಹಿಂದಿನದು, ಈಗ ಪೂರ್ತಿ ಕಲ್ಲು. "ಎಣ್ಣೆ ಗಟ್ಟಿಯಾದ ಹಾಗೆ ಮರವೂ ಗಟ್ಟಿ ಆಯ್ತಾ?" ಅಂತ ಮಗ. ಅಲ್ಲಪ್ಪಾ, ಮಣ್ಣಿನೊಳಗೆ ಹೂತ ಮರದೊಳಕ್ಕೆ ಖನಿಜ ಇರುವ ನೀರು ಇಳಿದು, ನಿಧಾನವಾಗಿ ಮರದ ಜಾಗದಲ್ಲಿ ಕಲ್ಲು ಕೂತದ್ದು ಅಂದೆ. ಅವನಿಗೆ ತನ್ನ ಉತ್ತರವೇ ಇಷ್ಟವಾಯಿತು. ಆಮೇಲೆ ಹುಲ್ಲಿನ ಇಳಿಜಾರು. ಮೇಲಿಂದ ಕೆಳಕ್ಕೆ ಉರುಳುವುದು, ಮತ್ತೆ ಓಡಿ ಹತ್ತುವುದು. ಎಷ್ಟು ಸಲ ಅಂತ ಲೆಕ್ಕ ಇಡಲಿಲ್ಲ.

ನಾಲ್ಕನೇ ದಿನ ದೊಡ್ಡಬೆಟ್ಟ. ಕೋಟಗಿರಿ ರಸ್ತೆಯ ಕೂಡುರಸ್ತೆಯವರೆಗೆ ಬಸ್ಸು, ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ಏರು ದಾರಿ. ಅತ್ತೆ ರೂಮಿನಲ್ಲೇ ಉಳಿದರು. ನಾವು ನಾಲ್ವರು ನಡೆದೆವು. ಪ್ರತಿ ತಿರುವಿಗೂ ಐದು ನಿಮಿಷ ಕೂರುವುದು ಅಂತ ಒಪ್ಪಂದ. ಕೂತಾಗಲೆಲ್ಲ ಬಿದ್ದ ಎಲೆ, ಕಾಯಿ, ಪಾಚಿ ನೋಡಿ ಚಿತ್ರ ಬರೆಯುವುದು. ಯಾವುದನ್ನೂ ಕೀಳಬಾರದು. 2,637 ಮೀಟರ್ ಎತ್ತರದ ಬೆಟ್ಟ ಅದು. ನಮ್ಮ ಮುಳ್ಳಯ್ಯನಗಿರಿ 1,930. ಅಂದರೆ ಮುಳ್ಳಯ್ಯನಗಿರಿಯ ತಲೆ ಮೇಲೆ ಇನ್ನೂ 700 ಮೀಟರ್.

ಬೆಟ್ಟ ಹತ್ತಿದ ಹಾಗೆ ಒಂದು ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಂಪು ಹೆಚ್ಚುತ್ತದೆ. ಮಗಳು ಕೂತು ಲೆಕ್ಕ ಹಾಕಿದಳು. ಕೂನೂರಿಗಿಂತ ಇಲ್ಲಿ ಐದು ಡಿಗ್ರಿ ಕಡಿಮೆ ಇರಬೇಕು. ಮಗ ಜೇಬಿನಿಂದ ಎಣ್ಣೆ ಬಾಟಲಿ ತೆಗೆದ. ಅಜ್ಜಿಗೆ ಹೇಳದೆ ತಂದಿದ್ದ. ಮೈ ಬಿಸಿಗೆ ಅಂಚಿನಲ್ಲಿ ಕರಗಿತ್ತು. ಕಲ್ಲಿನ ಮೇಲೆ ಗಾಳಿಗೆ ಇಟ್ಟು ಇಬ್ಬರೂ ಕಾವಲು ಕೂತರು. ಸುತ್ತಲೂ ನೀಲಿ ಬೆಟ್ಟಗಳು, ಕೆಳಗೆ ಮೋಡ. ನನ್ನ ಮಕ್ಕಳು ಬಾಟಲಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಮಸುಕಾಯಿತು. "ಶುರುವಾಯ್ತು!" ಅಂತ ಕೂಗಿದರು.

ಸಂಜೆ ಕೂನೂರಿನಲ್ಲಿ ಟೀ ತೋಟದ ಪಕ್ಕದ ದಾರಿಯಲ್ಲಿ ಕಾಟಿ, ಅಂದರೆ ಕಾಡುಕೋಣ ಕಂಡಿತು. ಎತ್ತಿನ ಎರಡರಷ್ಟು ಮೈ, ಕಾಲಿಗೆ ಬಿಳಿ ಸಾಕ್ಸ್ ಹಾಕಿದ ಹಾಗೆ. ಅಲ್ಲಿಯವರು ದೂರದಿಂದಲೇ ಕೈ ತೋರಿಸಿ ನಮ್ಮನ್ನು ನಿಲ್ಲಿಸಿದರು. ಕಾಟಿ ಸುಮ್ನೆ ನಿಂತಿದೆ ಅಂತ ಹತ್ತಿರ ಹೋಗಬಾರದು, ಫೋಟೋಗೆ ಅಂತೂ ಖಂಡಿತ ಬೇಡ. ಮಕ್ಕಳ ಕೈ ಗಟ್ಟಿಯಾಗಿ ಹಿಡಿದು, ಅದು ದಾಟುವವರೆಗೆ ಕಾದೆವು. ಕತ್ತಲಾದ ಮೇಲೆ ಆ ದಾರಿಗೆ ಹೋಗಲಿಲ್ಲ.

ವಾಪಸ್ ಬರುವಾಗ ಬಾಟಲಿ ಬಸ್ಸಿನ ಕಿಟಕಿ ಹತ್ತಿರ ಮಗನ ತೊಡೆ ಮೇಲೆ ಇತ್ತು. ಕರಗುವುದನ್ನು ತಾನೇ ಮೊದಲು ನೋಡಬೇಕು ಅಂತ. ಗೂಡಲೂರಿನ ತಿರುವುಗಳಲ್ಲಿ ಕಣ್ಣು ಎಳೆಯಿತು, ಅಜ್ಜಿಯ ಮೇಲೆ ಒರಗಿ ನಿದ್ದೆ ಹೋದ. ಮಗಳು ಅವನ ಕೈಯಿಂದ ಬಾಟಲಿ ಮೆಲ್ಲಗೆ ಬಿಡಿಸಿಕೊಂಡಳು. ತೆಪ್ಪಕಾಡು ದಾಟಿದ ಮೇಲೆ ನೋಟ್‌ಬುಕ್ ತೆಗೆದು ಬರೆದಳು: "ಎಣ್ಣೆ ಪೂರ್ತಿ ನೀರು. ತಮ್ಮ ನೋಡಲಿಲ್ಲ. ಕೇಳಿದರೆ ಈಗ ತಾನೇ ಆಯ್ತು ಅನ್ನಬೇಕು."