ಐದು ಆಟ, ಒಂದೇ ರೈಟ್ ಮಾರ್ಕ್

ಮಂಗಳವಾರ ಸಂಜೆ ಅಣ್ಣನ ಮಗ ಜಗುಲಿಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದು ಹತ್ತು ದಿನವಾಗಿದೆ. ಸ್ಕೇಲ್ ಇಟ್ಟು ಗೆರೆ ಎಳೆದು ಮೂರು ಕಾಲಂ ಮಾಡಿದ್ದ. ಒಂದು ನಂಬರಿಗೆ, ಒಂದು ಹೆಸರಿಗೆ, ಕೊನೆಯದು ಸಣ್ಣದೊಂದು ಖಾಲಿ ಮನೆ.

"ಅಪ್ಪಚ್ಚಿ, ನಿನ್ನ ಆಲ್ ಟೈಮ್ ಫೇವರಿಟ್ ಐದು ವಿಡಿಯೊ ಗೇಮ್ ಹೇಳು."

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಶಿರಸಿಯಲ್ಲಿ ಮೂವತ್ತೇಳರ ಗಂಡಸಿಗೆ ಜನ ಕೇಳುವ ಪ್ರಶ್ನೆ ಎರಡೇ. ಮದುವೆ ಯಾವಾಗ? ಅಡಿಕೆ ರೇಟ್ ಎಷ್ಟು? ಇಂಥದ್ದನ್ನು ಕೇಳುವವರು ಸಿಗಬೇಕಲ್ಲ!

"ಒಂದು, ಕಾಂಟ್ರಾ" ಎಂದೆ. ಬರೆದುಕೊಂಡ. ಪೆನ್ಸಿಲ್ ಮೂರನೇ ಕಾಲಂಗೆ ಹೋಗಿ ನಿಂತಿತು.

"ಮುಗಿಸಿದ್ದೀಯಾ?"

"ಇಲ್ಲ."

ಇಂಟು ಹಾಕಿದ.

"ಪ್ರಿನ್ಸ್ ಆಫ್ ಪರ್ಷಿಯಾ." "ಮುಗಿಸಿದ್ದೀಯಾ?" ಇಂಟು. "ಐಜಿಐ." ಇಂಟು. "ವೈಸ್ ಸಿಟಿ." ಈ ಸಲ ಅವನು ಕೇಳಲೂ ಇಲ್ಲ. ಸುಮ್ನೆ ನನ್ನ ಮುಖ ನೋಡಿದ, ಇಂಟು ಹಾಕಿದ. ಆ ನೋಟ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಹನ್ನೊಂದು ವರ್ಷದ ಹುಡುಗನೊಬ್ಬ ಇಷ್ಟು ಕನಿಕರದಿಂದ ನೋಡಬಾರದು.

ಐದನೆಯದಕ್ಕೆ ಮಾತ್ರ ಮರ್ಯಾದೆ ಉಳಿಯಿತು. ಅನ್‌ಚಾರ್ಟೆಡ್ ಸರಣಿಯ 'ದ ಲಾಸ್ಟ್ ಲೆಗಸಿ'. 2017ರ ಆಟ. ಅದನ್ನು ಪೂರ್ತಿ ಮುಗಿಸಿದ್ದೇನೆ. ಅವನು ದೊಡ್ಡದಾಗಿ ರೈಟ್ ಮಾರ್ಕ್ ಹಾಕಿ, "ಹಂಗಾದ್ರೆ ಇದೇ ನಂಬರ್ ಒನ್ ಆಗ್ಬೇಕಲ್ವಾ?" ಎಂದ. ಹೌದು ಎನ್ನಲು ಬಾಯಿ ಬರಲಿಲ್ಲ.

ಒಳ್ಳೆಯ ಆಟವೇ ಅದು. ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹೊಯ್ಸಳರ ಪಾಳು ಗುಡಿಗಳು, ಗಣಪತಿಯ ದಂತ ಹುಡುಕಿ ಹೊರಟ ಇಬ್ಬರು ಹೆಂಗಸರು, ಒಂದು ಜೀಪು. ಸೆಕೆಂಡ್ ಹ್ಯಾಂಡ್ ಪಿಎಸ್ ಫೋರ್ ಗೇಮ್ ಮಷಿನ್ ತಂದು ಆಡುತ್ತಿದ್ದಾಗ ಆಯಿ ಹಿಂದೆ ಕೂತು ನೋಡುತ್ತಿದ್ದಳು. ಯಾವ ಊರು ಎಂದು ಕೇಳಿದಳು. ಇಲ್ಲೇ ನಮ್ಮ ಘಟ್ಟ ಎಂದೆ. ಅರ್ಧ ಗಂಟೆ ನೋಡಿ ತೀರ್ಪು ಕೊಟ್ಟಳು: "ಇಷ್ಟು ಹೊತ್ತು ಒದ್ದೆ ಹುಲ್ಲಲ್ಲಿ ತಿರುಗಿದ್ರೂ ಒಂದು ಉಂಬಳ ಹತ್ತಲಿಲ್ಲವಲ್ಲೋ." ಅದಾದ ಮೇಲೆ ಆ ಆಟವನ್ನು ಪೂರ್ತಿ ನಂಬಲು ನನಗೂ ಆಗಲಿಲ್ಲ.

ಉಳಿದ ನಾಲ್ಕು ಇಂಟುಗಳಿಗೂ ಕಾರಣ ಇತ್ತು. ಹುಡುಗ ಕೇಳಲಿಲ್ಲ. ಆದರೂ ಹೇಳಿದೆ.

ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ರಾಜಕುಮಾರಿಯನ್ನು ಬಿಡಿಸಲು ಸಿಗುವುದು 60 ನಿಮಿಷ. ನಿಜವಾದ 60 ನಿಮಿಷ, ಗಡಿಯಾರದ್ದು. ನಮ್ಮ ಹೈಸ್ಕೂಲಿನ ಕಂಪ್ಯೂಟರ್ ಪೀರಿಯಡ್ 40 ನಿಮಿಷ. ಈ ಲೆಕ್ಕದಲ್ಲಿ ಯಾವ ರಾಜಕುಮಾರಿಯೂ ಬಿಡುಗಡೆಯಾಗುವುದಿಲ್ಲ. ಅದರ ಮೇಲೆ ಲ್ಯಾಬಿನ ಸರ್ ಬೆಲ್ಲಿಗೆ ಐದು ನಿಮಿಷ ಮೊದಲೇ ಮೇನ್ ಸ್ವಿಚ್ ಆರಿಸುತ್ತಿದ್ದರು. ಮನುಷ್ಯ ಕೆಟ್ಟವರಲ್ಲ, ಬಸ್ಸು ಹಿಡಿಯುವ ಗಡಿಬಿಡಿ. ಆಟವನ್ನು ಸೇವ್ ಮಾಡಿಟ್ಟುಕೊಳ್ಳಬಹುದಿತ್ತು ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆಗ ಹೊಟ್ಟೆ ಉರಿಯಿತು. 1989ರ ಆಟ ಅದು. ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ, ಓಡಿಸಿ, ಹಾರಿಸಿ, ಅದರ ವಿಡಿಯೊ ಇಟ್ಟುಕೊಂಡು ಒಂದೊಂದೇ ಚಿತ್ರ ಬಿಡಿಸಿದ. ರಾಜಕುಮಾರ ಅಷ್ಟು ಚಂದ ಓಡುವುದಕ್ಕೆ ಅದೇ ಕಾರಣ. ಅಣ್ಣಂದಿರು ಎಲ್ಲ ಕಡೆಯೂ ತಮ್ಮಂದಿರನ್ನು ಓಡಿಸುವವರೇ.

ಐಜಿಐ ಆಡಿದ್ದು ಕಾರವಾರದಲ್ಲಿ ಓದುವಾಗ, ಬಸ್‌ಸ್ಟ್ಯಾಂಡ್ ಹತ್ತಿರದ ಗಲ್ಲಿಯ ಸೈಬರಿನಲ್ಲಿ. ಆಟದಲ್ಲಿ 14 ಮಿಷನ್. ಮಿಷನ್ ನಡುವೆ ಸೇವ್ ಮಾಡುವ ಹಾಗೇ ಇಲ್ಲ. ಮುಕ್ಕಾಲು ಗಂಟೆ ಹೊಟ್ಟೆ ಮೇಲೆ ತೆವಳಿ, ಕ್ಯಾಮರಾ ತಪ್ಪಿಸಿ, ಇನ್ನೇನು ಮುಗಿಯಿತು ಎನ್ನುವಾಗ ಹಿಂದಿನಿಂದ ಒಬ್ಬ ಹೊಡೆದರೆ ಮತ್ತೆ ಬೇಲಿಯ ಆಚೆಯಿಂದ ಶುರು. ಯುರೋಪಿನಲ್ಲಿ ಕೂತು ಈ ಆಟ ಮಾಡಿದವರು ಕಾರವಾರದ ಜುಲೈ ತಿಂಗಳನ್ನು ನೋಡಿರಲಿಕ್ಕಿಲ್ಲ. ಗಾಳಿಗೆ ಎಲ್ಲೋ ತೆಂಗಿನ ಮಡಲು ತಂತಿ ಮೇಲೆ ಬಿದ್ದರೆ ಇಲ್ಲಿ ಆಟದ ಗೂಢಚಾರ ಡೇವಿಡ್ ಜೋನ್ಸ್ ಸತ್ತ. ಸೈಬರಿನಲ್ಲಿ ಇನ್ವರ್ಟರ್ ಇತ್ತು, ಓನರ್ ಕಂಪ್ಯೂಟರಿಗೆ ಮಾತ್ರ. ಎಂಟನೇ ಮಿಷನ್ ದಾಟಲೇ ಇಲ್ಲ. ಆದರೂ ರಾತ್ರಿ ಮಳೆಯಲ್ಲಿ ನೆನೆಯುತ್ತಾ ರೂಮಿಗೆ ನಡೆಯುವಾಗ, ಆಚೆ ಕತ್ತಲಲ್ಲಿ ಸಮುದ್ರ ಬಡಿದುಕೊಳ್ಳುವಾಗ, ನಾನೇ ಗೂಢಚಾರ ಎಂದುಕೊಳ್ಳುತ್ತಿದ್ದೆ.

ವೈಸ್ ಸಿಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಡಿದವರಿಗೆ ಆಟಿಕೆ ಹೆಲಿಕಾಪ್ಟರಿನ ಮಿಷನ್ ಎಂದರೆ ಸಾಕು.

ಕಾಂಟ್ರಾ ಮಾತ್ರ ಬೇರೆ.

1998ರ ಮಾರಿಕಾಂಬಾ ಜಾತ್ರೆ. ನನಗೆ ಹತ್ತು, ಅಣ್ಣನಿಗೆ ಹದಿನಾಲ್ಕು. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಈ ಸಲ ತಪ್ಪಿದರೆ ಇನ್ನು 2000ಕ್ಕೇ ಎಂದು ಅಣ್ಣ ಅಪ್ಪನ ಮುಂದೆ ಎಷ್ಟು ಗಂಭೀರವಾಗಿ ಹೇಳಿದನೆಂದರೆ, ಟಿವಿ ಗೇಮ್ ಜಾತ್ರೆಯಲ್ಲಿ ಬಿಟ್ಟು ಬೇರೆಲ್ಲೂ ಸಿಗುವುದೇ ಇಲ್ಲ ಎಂದು ಅಪ್ಪ ನಂಬಿದರು. ಅದರ ಜೊತೆ ಹಳದಿ ಕ್ಯಾಸೆಟ್ ಒಂದು ಬಂತು. ಮೇಲೆ ಲಕ್ಷಗಟ್ಟಲೆ ಆಟ ಎಂದು ಬರೆದಿತ್ತು, ಒಳಗೆ ಇದ್ದದ್ದು ಏಳು. ಕಾಂಟ್ರಾ ಅದರಲ್ಲಿ ಇರಲಿಲ್ಲ. ಕಾಂಟ್ರಾದ ಕ್ಯಾಸೆಟ್ಟಿಗೆ ಮತ್ತೆ ಗೇರುಬೀಜ ಹೆಕ್ಕಿ ಮಾರಿದೆವು. ಆಡಿದರೆ ಟಿವಿಯ ಪಿಕ್ಚರ್ ಟ್ಯೂಬ್ ಹೋಗುತ್ತದೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಹಾಗಾಗಿ ದಿನಕ್ಕೆ ಒಂದು ಗಂಟೆ. ಅದರಲ್ಲಿ ಹತ್ತು ನಿಮಿಷ ಕ್ಯಾಸೆಟ್ ಊದುವುದಕ್ಕೇ ಹೋಗುತ್ತಿತ್ತು. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ನಿಂಟೆಂಡೊದ ಟೆಟ್ರಿಸ್ ಆಡಿ ಆಡಿ ಆಟವೇ ಹ್ಯಾಂಗ್ ಆಗುವ ಹಾಗೆ ಮಾಡಿದಾಗ ದೊಡ್ಡ ಸುದ್ದಿಯಾಯಿತಲ್ಲ, ನಮ್ಮ ಕ್ಯಾಸೆಟ್ ದಿನಾ ಸಂಜೆ ಹ್ಯಾಂಗ್ ಆಗುತ್ತಿತ್ತು. ಯಾರೂ ಸುದ್ದಿ ಮಾಡಲಿಲ್ಲ.

ಕಾಂಟ್ರಾ ಎಂದರೆ ಇಬ್ಬರು ಒಟ್ಟಿಗೆ ಗುಂಡು ಹಾರಿಸುತ್ತಾ ಆಡುವ ಆಟ. ಎಂಟು ಹಂತ. ಮೂರನೆಯದು ಜಲಪಾತ. ನಮ್ಮ ಜಿಲ್ಲೆಯವರಿಗೆ ಜಲಪಾತ ಎಂದರೆ ಮೇಲೆ ಕಂಬಿ ಹಿಡಿದು ನಿಂತು ಕೆಳಗೆ ಇಣುಕುವುದು. ಮಾಗೋಡಾದರೂ ಅಷ್ಟೇ, ಉಂಚಳ್ಳಿಯಾದರೂ ಅಷ್ಟೇ. ಇಲ್ಲಿ ಬುಡದಿಂದ ಬಂಡೆ ಬಂಡೆ ಹಾರಿ ಹತ್ತಬೇಕು. ಹತ್ತುವವನ ಜೊತೆ ಸ್ಕ್ರೀನೂ ಮೇಲೆ ಸರಿಯುತ್ತದೆ. ಮತ್ತೆ ಕೆಳಗೆ ಬರುವುದಿಲ್ಲ. ಹಿಂದೆ ಉಳಿದವನು ಸ್ಕ್ರೀನಿನ ಅಂಚಿಗೆ ಸಿಕ್ಕಿ ಸಾಯುತ್ತಾನೆ. ವೈರಿಯ ಗುಂಡೇ ತಗಲಬೇಕೆಂದಿಲ್ಲ, ಜೊತೆಯವನು ಬೇಗ ಹತ್ತಿದರೆ ಸಾಕು.

"ನಿಲ್ಲೋ ಅಣ್ಣಾ, ನಾನು ಸಾಯ್ತೆ!" ಎಂದು ನಾನು ಕೂಗುವುದು. ಅವನು ಹತ್ತುವುದು. ನನ್ನ ಜೀವ ಖಾಲಿಯಾದರೆ ಅವನದರಲ್ಲಿ ಒಂದು ಎಳೆದುಕೊಳ್ಳುವ ಸೌಲಭ್ಯ ಇತ್ತು. ಬಟನ್ ಒತ್ತಿದರೆ ಬಂತು, ಕೇಳಬೇಕೆಂದೂ ಇಲ್ಲ. ಹಾಗೆ ಅವನ ಎಷ್ಟು ಜೀವ ತಿಂದೆನೋ ಲೆಕ್ಕವಿಲ್ಲ. 30 ಜೀವದ ಗುಟ್ಟನ್ನು ಅವನು ಶಾಲೆಯಿಂದ ಕಲಿತು ಬಂದಿದ್ದ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಬಾಯಿಪಾಠ. ನನಗೆ 13ರ ಮಗ್ಗಿ ಇವತ್ತಿಗೂ ಬರುವುದಿಲ್ಲ. ಈ ಗುಟ್ಟು ಹುಟ್ಟಿದ ಕಥೆ ಚೆನ್ನಾಗಿದೆ. ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ ಎಂಬವರು 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಮನೆಯ ಮಷಿನ್ನಿಗೆ ಇಳಿಸುತ್ತಿದ್ದರು. ಪರೀಕ್ಷೆ ಮಾಡಲು ಆಡಬೇಕಲ್ಲ, ಅವರ ಕೈಯಲ್ಲಿ ಆಗಲಿಲ್ಲ. ಅಷ್ಟು ಕಷ್ಟ. ತಮ್ಮ ಅನುಕೂಲಕ್ಕೆಂದು ಈ ಬಟನ್ ಸಾಲನ್ನು ಸೇರಿಸಿಕೊಂಡರು, ತೆಗೆಯುವುದು ಮರೆತುಹೋಯಿತು. ಆಟ ಮಾಡುತ್ತಿದ್ದವರಿಗೇ ಅದನ್ನು ಮುಗಿಸಲು ಆಗಿರಲಿಲ್ಲ! ಇದನ್ನು ಹುಡುಗನಿಗೆ ಒತ್ತಿ ಒತ್ತಿ ಹೇಳಿದೆ. ಅವನು ಇಂಟು ಅಳಿಸಲಿಲ್ಲ.

ನಾವು ಹೆಚ್ಚೆಂದರೆ ಆರನೇ ಹಂತದವರೆಗೆ ಹೋಗಿದ್ದೆವು. ಅಲ್ಲಿ ಬೆಂಕಿ ಉಗುಳುವ ಕೊಳವೆಗಳು. ಅಲ್ಲಿಂದ ಮುಂದೆ ಕರೆಂಟು, ಅಪ್ಪ, ಹ್ಯಾಂಗ್, ಏನಾದರೊಂದು. ಮಲಗಿದ ಮೇಲೆ ಕತ್ತಲಲ್ಲಿ ಮಾತಾಡುತ್ತಿದ್ದೆವು. "ಬೆಂಕಿ ಆದ ಮೇಲೆ ಎಂತ ಇರಬಹುದು?" ನಾನು ಕೇಳುವುದು. "ನೀರು ಇರಬಹುದು. ಸಮುದ್ರದ ಅಡಿ" ಎಂದು ಅಣ್ಣ. ಎಷ್ಟೋ ರಾತ್ರಿ ನಾನು ಆ ಸಮುದ್ರದ ಅಡಿಯ ಹಂತವನ್ನು ನೆನೆಸಿಕೊಂಡೇ ನಿದ್ದೆ ಮಾಡಿದ್ದೇನೆ.

ಮಂಗಳವಾರ ರಾತ್ರಿ ಅಣ್ಣನ ಫೋನ್ ಬಂತು. ಅಣ್ಣ ಒಳ್ಳೆಯವನು, ಆದರೆ ಲೆಕ್ಕದವನು. ದಿನಾ ಒಂಬತ್ತಕ್ಕೆ ಫೋನ್. ಮಗ ಉಂಡನಾ ಎಂದು ಕೇಳುವ ಮೊದಲು ಮಗ ಎಷ್ಟು ಹೊತ್ತು ಸ್ಕ್ರೀನ್ ನೋಡಿದ ಎಂದು ಕೇಳುತ್ತಾನೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಎಂದು ಅವನ ಕಾನೂನು. ಅಪ್ಪ ಕೊಟ್ಟದ್ದರ ಅರ್ಧ! ಗೇರುಬೀಜದ ಹುಡುಗ ಎಲ್ಲಿ ಹೋದನೋ ಎಂದು ನನಗೆ ಆಗಾಗ ಅನಿಸುತ್ತದೆ.

ಪಟ್ಟಿಯ ಕಥೆ ಹೇಳಿ ನಗಾಡಿದೆ. ಅವನೂ ನಕ್ಕ. ಆಮೇಲೆ ಏನೋ ನೆನಪಾದವನ ಹಾಗೆ, "ಕಾಂಟ್ರಾ ನಾನು ಮುಗಿಸಿದ್ದೆ ಮಾರಾಯ" ಎಂದ.

"ಯಾವಾಗ? ಬೆಂಗಳೂರಿಗೆ ಹೋದ ಮೇಲಾ?"

"ಅಲ್ಲ. ಆ ವರ್ಷವೇ. ನೀವೆಲ್ಲ ಸಿದ್ದಾಪುರಕ್ಕೆ ಮದುವೆಗೆ ಹೋಗಿದ್ದಿರಲ್ಲ? ಆಕಳಿಗೆ ಹುಲ್ಲು ಹಾಕಲಿಕ್ಕೆ ಅಂತ ನನ್ನನ್ನು ಬಿಟ್ಟು ಹೋಗಿದ್ದಿರಿ. ಕರೆಂಟೂ ಹೋಗಲಿಲ್ಲ ಅವತ್ತು."

ಆ ಮದುವೆ ನನಗೆ ಸರಿಯಾಗಿ ನೆನಪಿದೆ. ಅಣ್ಣ ಒಬ್ಬನೇ ಉಳಿದನಲ್ಲ ಎಂದು ಎರಡು ಹೋಳಿಗೆ ಕಾಗದದಲ್ಲಿ ಸುತ್ತಿ ತಂದಿದ್ದೆ. ಅವನು ತಿಂದ. ಒಂದು ಮಾತೂ ಹೇಳಲಿಲ್ಲ.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಮತ್ತೆ ನನ್ನ ಜೊತೆ ಆಡ್ತಿದ್ಯಾ?"

ಇಷ್ಟೇ ಆದದ್ದು. ಅವನು ಬೇರೆ ಏನೋ ಮಾತಿಗೆ ಹೋದ, ಆಯಿಯ ಬಿಪಿ ಮಾತ್ರೆ, ಮಳೆ ಬಂತಾ ಅಂತ. ನನಗೆ ಒಂದೂ ಕಿವಿಗೆ ಹೋಗಲಿಲ್ಲ. ಮೂರು ದಿನದಿಂದ ಅದೊಂದೇ ಮಾತು. ಹೇಳಿದ್ದರೆ ಆಡ್ತಿದ್ಯಾ?

ಆ ಮದುವೆ ಆದ ಮೇಲೂ ಎರಡು ವರ್ಷ ಆಡಿದ್ದೇವೆ, ಅಡಾಪ್ಟರ್ ಸುಟ್ಟು ಹೋಗುವವರೆಗೆ. ಅಂದರೆ ಆ ಎರಡು ವರ್ಷ ಅವನಿಗೆ ಎಲ್ಲ ಗೊತ್ತಿತ್ತು. ಬೆಂಕಿ ಆದ ಮೇಲೆ ಎಂತ ಇದೆ ಎಂದು ಗೊತ್ತಿತ್ತು. ಸಮುದ್ರವೂ ಇಲ್ಲ, ಎಂತದೂ ಇಲ್ಲ. ಗೊತ್ತಿದ್ದೂ ಕತ್ತಲಲ್ಲಿ ನನ್ನ ಜೊತೆ ಮಲಗಿ ಸಮುದ್ರದ ಅಡಿ ಎಂದ. ಹದಿನಾಲ್ಕು ವರ್ಷದ ಹುಡುಗರು ಇಷ್ಟು ಗುಟ್ಟು ಇಟ್ಟುಕೊಳ್ಳಬಲ್ಲರಾ? ನಾನಾಗಿದ್ದರೆ ಮದುವೆಯ ಬಸ್ಸು ಇಳಿಯುವ ಮೊದಲೇ ರಸ್ತೆಯಲ್ಲಿ ನಿಂತು ಕೂಗುತ್ತಿದ್ದೆ.

ಮೊದಲ ದಿನ ಸಿಟ್ಟು ಬಂತು. ನಿಜವಾಗಿ. ಮೋಸ ಅಲ್ವಾ ಇದು? ಎರಡನೇ ದಿನ ಬೇರೆ ಯೋಚನೆ. ಜಲಪಾತದಲ್ಲಿ ಅವನು ಬೇಗ ಬೇಗ ಹತ್ತುತ್ತಿದ್ದದ್ದು, ನಾನು ಸಾಯುತ್ತಿದ್ದದ್ದು, ನಾವು ಯಾವತ್ತೂ ಕೊನೆ ಮುಟ್ಟದೇ ಇದ್ದದ್ದು, ಇದೆಲ್ಲ ಬೇಕೆಂದೇ ಮಾಡಿದ್ದಾ? ಕೊನೆ ಮುಟ್ಟಿದರೆ ಆಟ ನಿಂತೀತು ಅಂತಲಾ? ಬುಧವಾರ ಫೋನಿನಲ್ಲಿ ಕೇಳಿಯೂಬಿಟ್ಟೆ. "ಹುಚ್ಚು ಎಂತದಾ ನಿಂಗೆ? ನೀನು ಆಡ್ತಿದ್ದದ್ದೇ ಹಾಗೆ" ಎಂದ. ಇರಬಹುದು. ಕೊನೆಯಲ್ಲಿ ಎಂತ ಬರುತ್ತದೆ ಎಂದು ಕೇಳಿದೆ. "ನೆನಪಿಲ್ಲ. ಒಂದು ಹೆಲಿಕಾಪ್ಟರ್ ಹಾರ್ತದೆ, ದ್ವೀಪ ಸಿಡಿಯುತ್ತದೆ. ಎರಡು ಸಾಲು ಇಂಗ್ಲಿಷು." ಅಷ್ಟೇ. ಅಷ್ಟಕ್ಕೆ ಇಪ್ಪತ್ತೇಳು ವರ್ಷ ಬಾಯಿ ಮುಚ್ಚಿಕೊಂಡಿದ್ದ.

ಹುಡುಗನಿಗೆ ಇದನ್ನು ಹೇಳಲಿಲ್ಲ. ಅಪ್ಪನ ಹೆಸರಿನ ಮುಂದೆ ರೈಟ್ ಮಾರ್ಕ್ ಬರೆದುಬಿಟ್ಟರೆ ಕಷ್ಟ. ಅದರ ಬದಲು ಅವನದೇ ಪಟ್ಟಿ ಕೇಳಿದೆ. ನಂಬರ್ ಒನ್ ಮೈನ್‌ಕ್ರಾಫ್ಟ್ ಎಂದ. "ಮುಗಿಸಿದ್ದೀಯಾ?" ಎಂದು ಕೇಳಲು ನಾನು ಎರಡು ದಿನದಿಂದ ಕಾಯುತ್ತಿದ್ದೆ. ಅವನಿಗೆ ನಗು ಬಂತು. "ಡ್ರ್ಯಾಗನ್ ಕೊಂದಿದೀನಿ ಅಪ್ಪಚ್ಚಿ. ಆದ್ರೆ ಅದು ಮುಗಿಯೋ ಗೇಮ್ ಅಲ್ಲ." ತನ್ನ ಖಾಲಿ ಮನೆಯಲ್ಲಿ ಒಂದು ಅಡ್ಡ ಗೆರೆ ಎಳೆದುಕೊಂಡ. ನನಗೆ ಮಾತ್ರ ಇಂಟು!

ನಿನ್ನೆ ಸಂಜೆ ಗುಡುಗು ಶುರುವಾಯಿತು, ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ತುಂಬಾ ಇತ್ತು. ಕೊನಾಮಿಯವರು 2019ರಲ್ಲಿ ಹಳೆಯ ಕಾಂಟ್ರಾಗಳನ್ನು ಸೇರಿಸಿ ಬಿಟ್ಟ ಕಂತೆಯನ್ನು ಮಂಗಳವಾರ ರಾತ್ರಿಯೇ ದುಡ್ಡು ಕೊಟ್ಟು ಇಳಿಸಿಕೊಂಡಿದ್ದೆ. ಇದರಲ್ಲಿ ಬೇಕಾದಲ್ಲಿ ಸೇವ್ ಮಾಡಬಹುದು. ನಾವು ಮಾಡಲಿಲ್ಲ. ಹುಡುಗನಿಗೆ ಕಂಟ್ರೋಲರ್ ಕೊಟ್ಟು ನಾನು ಕೀಬೋರ್ಡ್ ಹಿಡಿದೆ. ಮೇಲೆ ಮೇಲೆ, ಕೆಳಗೆ ಕೆಳಗೆ ಕಲಿಸಿದೆ. ಎರಡೇ ಸಲಕ್ಕೆ ಬಾಯಿಪಾಠ ಮಾಡಿಕೊಂಡ. ಆಯಿ ದೇವರ ಮುಂದಿನ ದೀಪ ಸರಿಮಾಡಿ ಬಂದು ಹಿಂದೆ ಕೂತಳು. ಇಲ್ಲಿ ಉಂಬಳ ಇಲ್ಲದ್ದಕ್ಕೆ ಆಕ್ಷೇಪ ಬರಲಿಲ್ಲ.

ಜಲಪಾತದ ನಡುಮಧ್ಯ ಇದ್ದಾಗ ಫೋನ್ ಬಂತು. ಸರಿಯಾಗಿ ಒಂಬತ್ತು.

"ಎಷ್ಟು ಹೊತ್ತು ಕೊಟ್ಟೆ ಇವತ್ತು?" ಅಣ್ಣ ಕೇಳಿದ.

ಕೂತು ಎರಡು ಗಂಟೆ ಕಳೆದಿತ್ತು. ಹುಡುಗ ಕೈ ನಿಲ್ಲಿಸದೆ ನನ್ನ ಕಡೆ ಕಣ್ಣು ತಿರುಗಿಸಿದ.

"ಅರ್ಧ ಗಂಟೆ" ಎಂದೆ.

ಫೋನ್ ಇಟ್ಟು ನೋಡಿದರೆ ಅವನು ನಾಲ್ಕು ಬಂಡೆ ಮೇಲೆ ಹತ್ತಿಬಿಟ್ಟಿದ್ದ. ನಾನು ಕೆಳಗೆ ಸತ್ತಿದ್ದೆ.