ಇವರೂ ನೋಡೋರೇ ಅಲ್ವಾ?

“ಬಿಡಿ ಸರ್, ನೋಡೋರಿಗೆ ಇದೆಲ್ಲ ಗೊತ್ತಾಗಲ್ಲ.”

“ಇವರೂ ನೋಡೋರೇ ಅಲ್ವಾ?”

ಈ ಸೋಮವಾರ ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಚಿಕ್ಕಪ್ಪನ ತೋಟದಲ್ಲಿ ಕೇಳಿದ ಮಾತುಗಳಿವು. ಮೊದಲನೆಯದು ಧಾರಾವಾಹಿಯ ಸಹಾಯಕ ನಿರ್ದೇಶಕನದು. ಎರಡನೆಯದು ನಿರ್ದೇಶಕರದು. ವಾರ ಮುಗಿಯುತ್ತಾ ಬಂತು, ಆ ಎರಡನೇ ಮಾತು ನನ್ನನ್ನು ಬಿಟ್ಟಿಲ್ಲ.

ಶೂಟಿಂಗ್ ನಮ್ಮ ಕಡೆ ಹೊಸದೇನಲ್ಲ. ಮದುವೆಯಾದ ಜೋಡಿ ಮಂಜು ನೋಡೋಕೆ ಬರುತ್ತೆ, ರಾಜಾಸೀಟಲ್ಲಿ ಕೂರುತ್ತೆ, ಅಬ್ಬಿ ಜಲಪಾತದ ಮುಂದೆ ನಿಲ್ಲುತ್ತೆ, ಹೋಗುತ್ತೆ. ಈ ಸಲ ಕಥೆ ಬೇರೆ. ಮನೆ ಬಿಟ್ಟು ಬಂದ ನಾಯಕಿ ಕಾಫಿ ತೋಟದಲ್ಲಿ ಕೂಲಿ ಮಾಡ್ತಾಳೆ. ಅರೇಬಿಕಾ ಹಣ್ಣಾಗಿರುವ ಹೊತ್ತು, ಚಿಕ್ಕಪ್ಪ ಒಪ್ಪಿಕೊಂಡರು. ಚಿಕ್ಕಪ್ಪ ಒಳ್ಳೆಯವರೇ. ಆದರೆ ಅವತ್ತು ಅವರಿಗೆ ನಾಯಕಿ ಜೊತೆ ಫೋಟೋ ತೆಗೆಸಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಕೊಯ್ಲಿನ ಆಳುಗಳನ್ನು ಆ ಬ್ಲಾಕಿನಿಂದ ಬೇರೆ ಕಡೆಗೆ ಕಳಿಸಿದ್ದರು. ಹಿಂದೆ ನಡೆದಾಡಿಕೊಂಡಿರಲಿ ಅಂತ ನಾಲ್ಕೈದು ಹೆಂಗಸರನ್ನು ಮಾತ್ರ ಉಳಿಸಿಕೊಂಡಿದ್ದರು.

ನಿರ್ದೇಶಕರ ಮುಖ ನೋಡಿದ ಕೂಡಲೇ ನಮ್ಮ ಅತ್ತೆಗೆ ಗುರುತು ಸಿಕ್ಕಿತು. ವರ್ಷಗಟ್ಟಲೆ ಸಂಜೆ ಹೊತ್ತು ಮನೆಯೊಳಗೇ ಇದ್ದ ಮುಖ ಅದು. ಅಣ್ಣನ ಪಾತ್ರ, ಮೈದುನನ ಪಾತ್ರ, ಕೊನೆಗೆ ಆಸ್ತಿಗಾಗಿ ಜಗಳ ಆಡುವ ಅಳಿಯನ ಪಾತ್ರ. ಈಗ ತಲೆ ನೆರೆತಿದೆ, ಮಾನಿಟರ್ ಮುಂದೆ ಕೂರುತ್ತಾರೆ. ಟೈಟಲ್ ಕಾರ್ಡಿನಲ್ಲಿ ‘ಸಂಚಿಕೆ ನಿರ್ದೇಶನ’ ಅಂತ ಬರುತ್ತಲ್ಲ, ಆ ಕೆಲಸ. ಕಥೆಯ ದಾರಿ ತೀರ್ಮಾನ ಮಾಡುವವರು ಬೇರೆ, ಪ್ರಧಾನ ನಿರ್ದೇಶಕರು ಬೇರೆ. ದಿನಾ ಬಿಸಿಲಲ್ಲಿ ನಿಂತು ಇಪ್ಪತ್ತು ಚಿಲ್ಲರೆ ನಿಮಿಷದ ಸಂಚಿಕೆ ತುಂಬಿಸುವವರು ಇವರು.

ಊಟದ ಹೊತ್ತಿಗೆ ಕಾಫಿ ಒಣಗಿಸುವ ಕಣದ ಪಕ್ಕ ಕೂತು ತಮ್ಮ ಕಥೆ ಹೇಳಿದರು. ಹವ್ಯಾಸಿ ನಾಟಕದಿಂದ ಬಂದವರು. ಮೊದಮೊದಲು ಮದುವೆ ಮಂಟಪದ ಸೀನಲ್ಲಿ ಜನರ ನಡುವೆ ನಿಲ್ಲುವ ಕೆಲಸ. ಊರಲ್ಲಿ ಅಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದರೆ ಟಿವಿಯಲ್ಲಿ ಇವರ ಬೆನ್ನು ಮಾತ್ರ ಬರುತ್ತಿತ್ತಂತೆ. ಆಮೇಲೆ ಪಾತ್ರ ಸಿಕ್ಕಿತು, ಜನ ಗುರುತು ಹಿಡಿದರು. ಒಂದು ಬೆಳಿಗ್ಗೆ ಮೇಕಪ್ ಮುಗಿಸಿ ಅವತ್ತಿನ ಸೀನ್ ಪೇಪರ್ ಕೈಗೆ ತಗೊಂಡಾಗ ತಮ್ಮ ಪಾತ್ರ ಅಪಘಾತದಲ್ಲಿ ಸಾಯುತ್ತದೆ ಅಂತ ಗೊತ್ತಾಯಿತಂತೆ. ಯಾರೂ ಮೊದಲೇ ಹೇಳಿರಲಿಲ್ಲ. ಹಿಂದಿನ ದಿನ ಒಟ್ಟಿಗೆ ಟೀ ಕುಡಿದವರೂ ಹೇಳಿರಲಿಲ್ಲ. “ಸತ್ತಿದ್ದಕ್ಕೆ ಬೇಜಾರಾಗಲಿಲ್ಲ. ನನಗೆ ಹೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲವಲ್ಲ” ಅಂದರು. ಆ ಮೇಲೆ ಕೆಲಸ ಇಲ್ಲದ ದಿನಗಳಲ್ಲೂ ಸೆಟ್ಟಿಗೆ ಹೋಗಿ ಮಾನಿಟರ್ ಹಿಂದೆ ನಿಂತರು. ಬೇರೆಯವರಿಗೆ ಪ್ರಾಂಪ್ಟ್ ಮಾಡಿದರು. ನಿಧಾನಕ್ಕೆ ಆ ಕುರ್ಚಿಗೆ ಬಂದರು.

ಮೂರು ಗಂಟೆ ದಾಟಿದ ಮೇಲೆ ಕೊಯ್ಲಿನ ಸೀನು. ನಾಯಕಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದ ಹತ್ತಿರ ನಿಂತಳು. ಮನಸ್ಸಿಟ್ಟು ಕೆಲಸ ಮಾಡುವ ಹುಡುಗಿ. ಆದರೆ ಕಾಫಿ ಕೊಯ್ಯೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ. ರೆಕ್ಕೆಯನ್ನು, ಅಂದರೆ ಗಿಡದ ಕೊಂಬೆಯನ್ನು, ಹಿಡಿದು ಜಗ್ಗಿ, ಹಣ್ಣು, ಕಾಯಿ, ಎಲೆ ಎಲ್ಲ ಸೇರಿಸಿ ಬಾಚಿ ಚೀಲಕ್ಕೆ ಹಾಕಿದಳು. ಕಣ್ಣಲ್ಲಿ ನೀರಿತ್ತು, ಡೈಲಾಗ್ ಸರಿಯಾಗಿ ಬಂತು. ಶಾಟ್ ಓಕೆ ಅನ್ನುವಷ್ಟರಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬರು ತಡೆಯಲಾಗದೆ ಹೇಳಿಯೇಬಿಟ್ಟರು. “ಹಂಗೆ ಎಳೀಬೇಡಿಯಮ್ಮ, ರೆಕ್ಕೆ ಮುರಿಯುತ್ತೆ. ಕಾಯಿ ಬಿಡಿ, ಹಣ್ಣು ಮಾತ್ರ ತೆಗೀರಿ.”

ಎಲ್ಲರೂ ಅವರತ್ತ ತಿರುಗಿದರು. ಚಿಕ್ಕಪ್ಪ ಕಣ್ಣಲ್ಲೇ ಗದರಿದರು. ಆಗ ಬಂದಿದ್ದು ಆ ಸಹಾಯಕನ ಮಾತು, ನೋಡೋರಿಗೆ ಗೊತ್ತಾಗಲ್ಲ ಅಂತ. ಆ ಹುಡುಗನನ್ನು ನಾನು ಬೈಯಲಾರೆ. ಬೆಳಗ್ಗೆ ಆರಕ್ಕೆ ಎದ್ದು ಸೀನ್ ಪೇಪರ್, ಸೀರೆಯ ಕಂಟಿನ್ಯುಟಿ, ಊಟದ ಲೆಕ್ಕ ಅಂತ ಓಡಾಡುತ್ತಿದ್ದವನು. ಸಿಲ್ವರ್ ಓಕ್ ನೆರಳಿರುವ ತೋಟದಲ್ಲಿ ನಾಲ್ಕು ಗಂಟೆಗೆಲ್ಲ ಬೆಳಕು ಕೈಬಿಡುತ್ತದೆ. ಇನ್ನೂ ಸೀನು ಬಾಕಿ ಇದ್ದವು. ಗುರುವಾರ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಬರುತ್ತೆ, ಅದರ ಭಯ ಎಲ್ಲರ ಮುಖದಲ್ಲೂ ಇತ್ತು. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು.

ನಿರ್ದೇಶಕರು ಎದ್ದು ಆ ಹೆಂಗಸಿನ ಹತ್ತಿರ ಹೋದರು. ಸಹಾಯಕನ ಕಡೆ ನೋಡಿ, ದನಿ ಏರಿಸದೆ, “ಇವರೂ ನೋಡೋರೇ ಅಲ್ವಾ?” ಅಂದರು. ಆಮೇಲೆ ಆಕೆಯನ್ನೇ ಕೇಳಿದರು, “ನೀವು ನಮ್ಮ ಸೀರಿಯಲ್ ನೋಡ್ತೀರಾ?” ಆಕೆ ಹೂಂ ಅಂದರು. ಹಿಂದಿನ ವಾರ ಏನಾಯಿತು ಅಂತಲೂ ಹೇಳಿದರು. “ಹಾಗಾದರೆ ಸ್ವಲ್ಪ ಕೊಯ್ದು ತೋರಿಸಿ.”

ಆಕೆ ಎಡಗೈಯಲ್ಲಿ ರೆಕ್ಕೆಯನ್ನು ನೋವಾಗದ ಹಾಗೆ ಬಗ್ಗಿಸಿದರು. ಬಲಗೈ ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಕೆಂಪು ಹಣ್ಣನ್ನು ಹಿಡಿದು ಸಣ್ಣಗೆ ತಿರುವಿದರು. ಹಣ್ಣು ಕೈಗೆ ಬಂತು, ಪಕ್ಕದ ಹಸಿರು ಕಾಯಿ ಅಲ್ಲೇ ಉಳಿಯಿತು. ಇನ್ನೊಂದು, ಮತ್ತೊಂದು. ನೋಡುತ್ತಿದ್ದಂತೆ ಬೊಗಸೆ ತುಂಬಿತು. ಅವರ ಬೆರಳ ತುದಿಗಳು ಹಣ್ಣಿನ ಅಂಟಿಗೆ ಕಪ್ಪಾಗಿದ್ದವು. ನಾಯಕಿ ತನ್ನ ಉಗುರು ಬಣ್ಣ ನೋಡಿಕೊಂಡಳು. ಯಾರೂ ಹೇಳದೆಯೇ ಅದನ್ನು ಒರೆಸಿಸಿಕೊಂಡು ಬಂದು ಆಕೆಯ ಪಕ್ಕ ನಿಂತು ಕಲಿತಳು. ಮತ್ತೆ ಶಾಟ್ ತೆಗೆದರು. ಈ ಸಲ ಆಕೆಯೂ ಫ್ರೇಮಿನೊಳಗೆ ಇದ್ದರು, ಮುಖ ಕಾಣುವ ಹಾಗೆ. ಉಳಿದ ಒಂದು ಸೀನು ಮಾರನೇ ದಿನಕ್ಕೆ ಹೋಯಿತು.

ನಟರಾಗಿದ್ದವರು ನಿರ್ದೇಶಕರಾದರೆ ಇದೊಂದು ಲಾಭ ಅಂತ ನನಗೆ ಅನ್ನಿಸುತ್ತದೆ. ಗುಂಪಲ್ಲಿ ಬೆನ್ನು ತೋರಿಸಿ ನಿಂತವರಿಗೆ ಹಿಂದೆ ನಿಂತವರು ಕಾಣಿಸುತ್ತಾರೆ. ಕನ್ನಡದಲ್ಲಿ ಇದಕ್ಕೆ ದೊಡ್ಡ ಉದಾಹರಣೆಗಳೇ ಇವೆ. ಶಂಕರ್ ನಾಗ್ ಸಿನಿಮಾದಲ್ಲಿ ಜನಪ್ರಿಯ ನಟರಾಗಿದ್ದಾಗಲೇ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಮಾಡಿದರು. 1986ರಲ್ಲಿ ಅದು ದೇಶಕ್ಕೆಲ್ಲ ಕಂಡಾಗ ಅವರಿಗೆ 32ರ ಆಸುಪಾಸು. ಅದಕ್ಕಾಗಿ ಆಗುಂಬೆಗೆ ಹೋದರು. ಅಲ್ಲಿನ ಬೀದಿ, ಅಲ್ಲಿನ ದೊಡ್ಡಮನೆಯ ಜಗುಲಿ, ಅಲ್ಲಿನ ಜನ ಎಲ್ಲ ಕಥೆಯೊಳಗೆ ಬಂದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ಹೋದಾಗ ಅವರಿಗೆ ಬರೀ 35. ಆಗುಂಬೆಯವರು ಇವತ್ತಿಗೂ ಆ ಮನೆಯನ್ನು ತೋರಿಸುತ್ತಾರೆ. ಆ ಊರನ್ನು ಅವರು ಬರೀ ಹಿನ್ನೆಲೆ ಮಾಡಿಕೊಳ್ಳಲಿಲ್ಲ, ಅದಕ್ಕೇ.

ಟಿ.ಎನ್. ಸೀತಾರಾಂ ಇನ್ನೊಂದು ದಾರಿ ಹಿಡಿದರು. ನಾಟಕ ಬರೆದವರು, ಕಾನೂನು ಓದಿದವರು. 1998ರಲ್ಲಿ ‘ಮಾಯಾಮೃಗ’ ಶುರುವಾದ ಮೇಲೆ ಕನ್ನಡದ ಮನೆಗಳಲ್ಲಿ ಸಂಜೆಯ ಹೊತ್ತೇ ಬದಲಾಯಿತು. ತಮ್ಮದೇ ಧಾರಾವಾಹಿಗಳಲ್ಲಿ ಸಿಎಸ್‌ಪಿ ಅನ್ನುವ ವಕೀಲರಾಗಿ ನಿಂತು ವಾದ ಮಾಡಿದರು. ಆ ಕೋರ್ಟ್ ಸೀನುಗಳನ್ನು ನಮ್ಮ ಮನೆಯಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಕಟಕಟೆಯಲ್ಲಿ ನಿಂತ ಸಾಮಾನ್ಯ ಸಾಕ್ಷಿಗೂ ಪೂರ್ತಿ ಮಾತಾಡುವಷ್ಟು ಸಮಯ ಕೊಡುತ್ತಿದ್ದರು. ನೋಡುವವರಿಗೆ ಅರ್ಥವಾಗುತ್ತೆ ಅನ್ನುವ ನಂಬಿಕೆ ಅವರಿಗಿತ್ತು. ನನಗೆ ಅವರ ಮೇಲೆ ಇರುವ ಗೌರವ ಅದಕ್ಕೇ.

ಆ ನಂಬಿಕೆ ಕಡಿಮೆಯಾದಲ್ಲೆಲ್ಲ ಕೊಡಗು ಬರೀ ಮಂಜಾಗಿಬಿಡುತ್ತೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಸಣ್ಣ ಜಿಲ್ಲೆಯದ್ದು. ಅಷ್ಟು ಕಾಫಿಯನ್ನು ಒಂದೊಂದಾಗಿ ಕೊಯ್ದ ಕೈ ಪರದೆಯ ಮೇಲೆ ಯಾವತ್ತೂ ಬರುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನ್ಯೂಸ್ ಕ್ಯಾಮೆರಾಗಳು ಸಾಲುಗಟ್ಟಿ ಬಂದವು. ಮನೆ ಕಳೆದುಕೊಂಡವರ ಮುಖ ಆಗ ಕಂಡಿತು. ನೀರು ಇಳಿದ ಮೇಲೆ ಮತ್ತೆ ಅದೇ ಮಂಜು, ಅದೇ ಹನಿಮೂನ್. ಸಂಜೆ ತೂಕ ಹಾಕಿಸಿ, ತೋಟದ ಆಳುಗಳ ಲೈನ್ ಮನೆಗೆ ಹೋಗಿ, ಒಲೆ ಹಚ್ಚಿ, ಟಿವಿ ಮುಂದೆ ಕೂತವರು ತಮ್ಮದೇ ತೋಟವನ್ನು ನೋಡುತ್ತಾರೆ, ತಮ್ಮನ್ನು ಬಿಟ್ಟು. ಅವರಿಗೆ ಎಲ್ಲ ಗೊತ್ತಾಗುತ್ತೆ. ಸುಮ್ನೆ ಹೇಳಲ್ಲ, ಅಷ್ಟೇ. ಆಕೆ ಅವತ್ತು ಬಾಯಿ ಬಿಟ್ಟರು. ಕೇಳಿಸಿಕೊಳ್ಳುವವರು ಇದ್ದರು.

ಚಿಕ್ಕಪ್ಪನಿಗೆ ನಾನು ಒಂದು ಮಾತು ಹೇಳಿದೆ. ಶೂಟಿಂಗ್ ಬಾಡಿಗೆ ಬಂದಿದೆಯಲ್ಲ, ಅವತ್ತು ಕ್ಯಾಮೆರಾ ಮುಂದೆ ನಿಂತ ಹೆಂಗಸರಿಗೆ ಕೂಲಿಯ ಮೇಲೆ ಬೇರೆಯಾಗಿ ದುಡ್ಡು ಕೊಡಿ ಅಂತ. ಮೊದಲು ಗೊಣಗಿದರು. ಅತ್ತೆ ನನ್ನ ಪರ ನಿಂತ ಮೇಲೆ ಒಪ್ಪಿದರು. ಶನಿವಾರ ಬಟವಾಡೆಯಲ್ಲಿ ಕೊಡುತ್ತಾರೆ. ಆ ಸಂಚಿಕೆ ಯಾವಾಗ ಬರುತ್ತೆ ಅಂತ ತಿಳಿಸುವುದಾಗಿ ನಿರ್ದೇಶಕರು ಆಕೆಯ ಮಗನ ಫೋನ್ ನಂಬರ್ ಬರೆದುಕೊಂಡು ಹೋಗಿದ್ದಾರೆ.