ನಾಲ್ಕು ಸೆಂಟಿಮೀಟರ್

ಕಾರಿನ ಸ್ಟೀರಿಂಗ್ ಚಕ್ರವನ್ನು ಹೊತ್ತು ಡ್ಯಾಶ್‌ಬೋರ್ಡಿನ ಕೆಳಗೆ ಇಳಿಯುವ ಸ್ಟೀರಿಂಗ್ ಕಾಲಮ್ ಬಿಚ್ಚಿ ಕೂಡಿಸುವುದು ನನಗೆ ಹೊಸ ಕೆಲಸವಲ್ಲ. ಆದರೂ ಆ ಬಿಳಿ ಸೆಡಾನ್ ನೆನಪಾದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಯಾವುದಕ್ಕೆಲ್ಲ ಹೆದರಿದ್ದೆನೋ ಅದೆಲ್ಲ ಸರಿಯಾಗಿಯೇ ಇತ್ತು. ಹೆದರಬೇಕೆಂದು ಹೊಳೆಯದೇ ಇದ್ದದ್ದು ಗೇಟಿನ ಹತ್ತಿರ ನನ್ನ ಮಾನ ಕಳೆಯಿತು.

ಕೀಲಿ ತಿರುಗುತ್ತಿಲ್ಲ ಎಂಬುದು ಕಂಪ್ಲೇಂಟ್. ಸ್ಟೀರಿಂಗನ್ನು ಅತ್ತಿತ್ತ ಅಲುಗಿಸುತ್ತ ಹತ್ತು ಸಲ ಒದ್ದಾಡಿದರೆ ಒಂದು ಸಲ ತಿರುಗುತ್ತಿತ್ತು. ಕೀಲಿ ತೆಗೆದಾಗ ಸ್ಟೀರಿಂಗ್ ತಿರುಗದಂತೆ ತಡೆಯುವ ಲಾಕ್ ಪಿನ್ ಶಾಫ್ಟಿನ ಕಚ್ಚಿನಲ್ಲಿ ಸಿಕ್ಕಿಕೊಂಡು ಹಿಂದೆ ಸರಿಯುತ್ತಿರಲಿಲ್ಲ. ಲಾಕ್ ಹೌಸಿಂಗ್ ತೆಗೆಯಲೇಬೇಕು. ಅದನ್ನು ಹಿಡಿದಿದ್ದವು ಎರಡು ಶಿಯರ್ ಬೋಲ್ಟ್‌ಗಳು. ಕಳ್ಳ ಬಿಚ್ಚಬಾರದೆಂದು ಬಿಗಿಯುವಾಗಲೇ ಅವುಗಳ ತಲೆ ಮುರಿದುಹೋಗುವಂತೆ ಮಾಡಿರುತ್ತಾರೆ. ಕಳ್ಳನಿಗೆ ಅದರಿಂದ ಎಷ್ಟು ಕಷ್ಟವೋ, ಮೆಕ್ಯಾನಿಕ್‌ಗಂತೂ ಅರ್ಧ ದಿನದ ಕಷ್ಟ. ಡ್ಯಾಶ್‌ಬೋರ್ಡಿನ ಕೆಳಗೆ ಕತ್ತು ತಿರುಚಿ ಮಲಗಿ ಕಣ್ಣಿಗೆ ಲೋಹದ ಪುಡಿ ಉದುರಿಸಿಕೊಳ್ಳುವ ಬದಲು ಕಾಲಮನ್ನೇ ಇಳಿಸಿ ಬೆಂಚಿಗೆ ತರುವುದು ವಾಸಿ ಎಂದು ಇಳಿಸಿದೆ. ಜಾಬ್ ಕಾರ್ಡಿನಲ್ಲಿ ಬರೆದಿದ್ದ ಲೇಬರ್ ಅವರ್‌ಗೂ ಈ ಕೆಲಸಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅದನ್ನು ಬರೆಯುವವರು ಡ್ಯಾಶ್‌ಬೋರ್ಡನ್ನು ಮೇಲಿನಿಂದ ಮಾತ್ರ ನೋಡಿದವರು.

ಇಳಿಸುವಾಗ ನಾನು ಎಷ್ಟು ಜಾಗರೂಕನಾಗಿದ್ದೆ ಎಂಬುದನ್ನು ಹೇಳಲೇಬೇಕು, ಮುಂದಿನ ಅವಮಾನಕ್ಕೆ ಅದೇ ಹಿನ್ನೆಲೆ. ಗಾಲಿಗಳನ್ನು ನೇರ ನಿಲ್ಲಿಸಿದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಏರ್‌ಬ್ಯಾಗಿನ ಚಾರ್ಜ್ ಇಳಿಯಲಿ ಎಂದು ಮ್ಯಾನುಯಲ್ ಹೇಳಿದ್ದಕ್ಕಿಂತ ಹೆಚ್ಚೇ ಕಾದೆ. ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿ ಇಟ್ಟೆ. ಏರ್‌ಬ್ಯಾಗಿಗೆ ಕರೆಂಟು ಒಯ್ಯುವ ಸುರುಳಿಯಾದ ಕ್ಲಾಕ್ ಸ್ಪ್ರಿಂಗ್ ತಿರುಗದಂತೆ ಟೇಪು ಸುತ್ತಿದೆ. ಶಾಫ್ಟುಗಳನ್ನು ಓರೆಯಲ್ಲೂ ತಿರುಗುವಂತೆ ಕೂಡಿಸುವ ಯೂ ಜಾಯಿಂಟಿಗೂ ಶಾಫ್ಟಿಗೂ ಅಡ್ಡಲಾಗಿ ಬಿಳಿ ಪೇಂಟಿನ ಗೆರೆ ಎಳೆದೆ. ಈ ಗೆರೆಯ ಹಿಂದೆ ಹಳೆಯ ಪೆಟ್ಟೊಂದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದೇ ಒಂದು ಕಾಲಮಿನ ಒಳಶಾಫ್ಟ್ ತನ್ನ ಭಾರಕ್ಕೇ ಜಾರಿ ಹೊರಬಂದಿತ್ತು. ಸುತ್ತಲೂ ಹಲ್ಲಿರುವ ಸ್ಪ್ಲೈನ್ ತಾನೇ, ಎಲ್ಲಿ ಕೂತರೂ ಕೂತಂತೆ ಎಂದು ತೋಚಿದ ಹಾಗೆ ತೂರಿಸಿದ್ದೆ. ಮೇಲಿನ ಮತ್ತು ಕೆಳಗಿನ ಯೂ ಜಾಯಿಂಟುಗಳ ಹೊಂದಾಣಿಕೆ ತಪ್ಪಿ, ಸ್ಟೀರಿಂಗ್ ಒಂದು ಸುತ್ತಿಗೆ ಎರಡು ಸಲ ಭಾರವಾಗಿ ಎರಡು ಸಲ ಹಗುರವಾಗುತ್ತಿತ್ತು. ಅದನ್ನು ಹುಡುಕಲು ಎರಡು ದಿನ ಬೇಕಾಯಿತು. ಅಂದಿನಿಂದ ಗೆರೆ ಎಳೆಯದೆ ನಾನು ಯಾವ ಶಾಫ್ಟನ್ನೂ ಮುಟ್ಟುವುದಿಲ್ಲ.

ಲಾಕಿನ ಒಳಗೆ ಪಿನ್ ಎಳೆಯುವ ಸ್ಲೈಡರ್ ಸವೆದಿತ್ತು. ಅದನ್ನು ಬದಲಿಸಿ, ಹಳೆಯ ಗ್ರೀಸು ತೊಳೆದು, ಬೆಂಚಿನ ಮೇಲೆಯೇ ಕೀಲಿ ಹಾಕಿ ತೆಗೆದು ಇಪ್ಪತ್ತು ಸಲ ಪರೀಕ್ಷಿಸಿದೆ. ಆಮೇಲೆಯೇ ಹೊಸ ಶಿಯರ್ ಬೋಲ್ಟ್ ಬಿಗಿದದ್ದು. ತಲೆ ಮುರಿದ ಮೇಲೆ ಮತ್ತೆ ಡ್ರಿಲ್ಲೇ ಗತಿ. “ಮಾಮೂಲಿ ಬೋಲ್ಟ್ ಹಾಕಿ ಮುಗಿಸು, ಯಾರು ನೋಡುತ್ತಾರೆ?” ಎಂದು ಸೂಪರ್‌ವೈಸರ್ ಹೇಳಿದ್ದರು. ನಾನು ಕೇಳಲಿಲ್ಲ. ಎರಡು ತಲೆಗಳೂ ಟಕ್ ಟಕ್ ಎಂದು ಮುರಿದ ಸದ್ದಿಗೆ ಆದ ಖುಷಿಯೇ ಬೇರೆ.

ಕಾಲಮ್ ಮೇಲೇರಿಸುವಾಗ ಕೆಳಗಿನ ತುದಿ ಯೂ ಜಾಯಿಂಟಿಗೆ ಸಲೀಸಾಗಿ ಇಳಿಯಲಿಲ್ಲ. ನಮ್ಮ ಹುಡುಗ ಕೇಳದೆಯೇ ಸುತ್ತಿಗೆ ತಂದು ಕೊಟ್ಟ. ಅವನಿಗೆ ಬೈದದ್ದು ಇಡೀ ಶೆಡ್ಡಿಗೆ ಕೇಳಿಸಿತು. ಡಿಕ್ಕಿಯಾದಾಗ ಚಾಲಕನ ಎದೆಗೆ ಚುಚ್ಚದೆ ಒಳಗೆ ಕುಸಿಯಲಿ ಎಂದೇ ಮಾಡಿದ ವಸ್ತು ಅದು. ಅಮೆರಿಕದ ಜನರಲ್ ಮೋಟಾರ್ಸ್ ತನ್ನ 1967ರ ಮಾದರಿಗಳಲ್ಲಿ ಇಂಥ ಕಾಲಮ್ ಕೊಡುವ ಮೊದಲು ಅದು ಬರೀ ಒಂದು ಈಟಿ. ಹಲವು ಕಾಲಮುಗಳಲ್ಲಿ ಕುಸಿತವನ್ನು ತಡೆದು ನಿಲ್ಲಿಸಿರುವುದು ಸಣ್ಣ ಪ್ಲಾಸ್ಟಿಕ್ ಪಿನ್ನುಗಳು. ಶಾಫ್ಟಿನ ತಲೆಗೆ ಒಂದು ಏಟು ಬಿದ್ದರೆ ಅವು ಅಲ್ಲೇ ತುಂಡಾಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಹುಡುಗನಿಗೆ ಇದನ್ನೆಲ್ಲ ಪಾಠ ಮಾಡಿದೆ. ಗೆರೆಗೆ ಗೆರೆ ಕೂಡಿಸಿ, ಶಾಫ್ಟಿನ ಕಚ್ಚಿನೊಳಗೆ ಹಾದುಹೋಗುವಂತೆ ಜಾಯಿಂಟನ್ನು ಶಾಫ್ಟಿಗೆ ಬಿಗಿಹಿಡಿಯುವ ಹೊಸ ಪಿಂಚ್ ಬೋಲ್ಟ್ ತೂರಿಸಿ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಗುರುವಿನ ಗತ್ತಿನಲ್ಲಿ ಇದ್ದೆ.

ಅದೇ ಗತ್ತಿನಲ್ಲಿ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿದೆ.

ಇಗ್ನಿಷನ್ ವೈರಿಂಗನ್ನು ಕಾಲಮಿಗೆ ಹಿಡಿದಿಡುವ ಕ್ಲಿಪ್ಪು ಬಿಚ್ಚುವಾಗ ಮುರಿದಿತ್ತು. ಸ್ಟೋರಿನಲ್ಲಿ ಕೇಳಿದರೆ, ಕ್ಲಿಪ್ಪು ಬಿಡಿಯಾಗಿ ಬರುವುದಿಲ್ಲ, ಪೂರ್ತಿ ಹಾರ್ನೆಸ್, ಅಂದರೆ ಇಡೀ ವೈರಿನ ಕಟ್ಟನ್ನೇ ತರಿಸಬೇಕು ಎಂದರು. ಉಗುರಿನಷ್ಟು ಪ್ಲಾಸ್ಟಿಕ್ಕಿಗೆ ಹಾರ್ನೆಸ್! ಟೈ ಹಾಕಿ, ವೈರು ಜೋತಾಡದಂತೆ ನೀಟಾಗಿ ಎಳೆದು ಕಟ್ಟಿದೆ. ಆ ಕಾರಿನ ಕಾಲಮನ್ನು ಚಾಲಕನಿಗೆ ತಕ್ಕಂತೆ ಒಳಗೆ ಹೊರಗೆ, ಮೇಲೆ ಕೆಳಗೆ ಸರಿಸಿ ಲಿವರಿನಿಂದ ಬಿಗಿಯಬಹುದು; ತೂರಿಸಲು ಅನುಕೂಲವೆಂದು ಅದನ್ನು ಪೂರ್ತಿ ಒಳಕ್ಕೆ ತಳ್ಳಿ ಲಿವರ್ ಹಾಕಿಕೊಂಡಿದ್ದೆ. ಕಟ್ಟುವಾಗಲೂ ಅದು ಹಾಗೆಯೇ ಇತ್ತು. ಟ್ರಯಲ್‌ಗೆ ಹೋದಾಗಲೂ ಅಷ್ಟೇ. ನಾನು ಗಿಡ್ಡ. ಪೆಡಲ್ ಎಟುಕಲು ಸೀಟನ್ನು ಮುಂದಕ್ಕೆ ಎಳೆದುಕೊಳ್ಳುವವನಿಗೆ ಸ್ಟೀರಿಂಗ್ ಒಳಗಿದ್ದಷ್ಟೂ ಹಿತ. ಟ್ರಯಲ್‌ನಲ್ಲಿ ಒಂದೇ ಒಂದು ದೋಷವೂ ಕಾಣಲಿಲ್ಲ.

ಗ್ರಾಹಕರು ಬಂದರು, ಆರಡಿ ಎತ್ತರದ ಮನುಷ್ಯ. ಕೂತವರೇ ಸೀಟು ಹಿಂದಕ್ಕೆ ಸರಿಸಿದರು, ಎಂಜಿನ್ ಚಾಲೂ ಮಾಡಿದರು, ಲಿವರ್ ಬಿಟ್ಟು ಸ್ಟೀರಿಂಗನ್ನು ತಮ್ಮತ್ತ ಎಳೆದುಕೊಂಡರು. ಮೀಟರಿನ ದೀಪಗಳೆಲ್ಲ ಆರಿ, ಎಂಜಿನ್ ನಿಂತಿತು. “ಏನು ಇದು?” ಎಂದು ಅವರು ನನ್ನ ಮುಖ ನೋಡಿದರು. ನಾನು ಸೂಪರ್‌ವೈಸರ್ ಮುಖ ನೋಡಿದೆ. “ಬ್ಯಾಟರಿ ಟರ್ಮಿನಲ್ ಸರಿಯಾಗಿ ಬಿಗಿದಿಲ್ಲ ನೀನು” ಎಂದರು ಅವರು. ನಾನು ಒಪ್ಪಿಬಿಟ್ಟೆ. ಟರ್ಮಿನಲ್ ಬಿಗಿದಿದ್ದ ನೆನಪು ಕೈಗಳಲ್ಲಿ ಇನ್ನೂ ಇತ್ತು. ಆದರೂ ಅಷ್ಟು ಸುಲಭದ ಕಾರಣ ಸಿಕ್ಕಾಗ ಕಷ್ಟದ ಕಾರಣ ಯಾರಿಗೆ ಬೇಕು? ಬಾನೆಟ್ ಎತ್ತಿ, ಅಲುಗಾಡದ ಟರ್ಮಿನಲ್ಲಿಗೆ ಮತ್ತೆ ಪಾನಾ ಹಾಕಿ ಕಾಲು ಸುತ್ತು ಕೊಟ್ಟೆ. ಅವರನ್ನು ಇಳಿಸಿ ನಾನು ಕೂತು, ಎಂದಿನಂತೆ ಸ್ಟೀರಿಂಗ್ ಒಳಕ್ಕೆ ತಳ್ಳಿ, ಕೀಲಿ ತಿರುಗಿಸಿದೆ. ಎಂಜಿನ್ ಚಾಲೂ ಆಯಿತು. “ನೋಡಿ ಸರ್, ಅಷ್ಟೇ” ಎಂದು ನಕ್ಕೆ. ಆ ನಗು ನೆನಪಾದಾಗಲೇ ಕಿವಿ ಬಿಸಿಯಾಗುವುದು.

ಗೇಟಿನ ಮುಂದೆ ಇಳಿಜಾರಿದೆ. ಕಾರು ಅಲ್ಲಿಗೆ ತಲುಪುವಾಗ ಅವರು ಚಲಿಸುತ್ತಲೇ ಸ್ಟೀರಿಂಗನ್ನು ಮತ್ತೆ ಎಳೆದುಕೊಂಡಿದ್ದಾರೆ. ಎಂಜಿನ್ ಸದ್ದು ನಿಂತದ್ದು ನನಗೆ ಕೇಳಿಸಿತು. ಕಾರು ನಿಲ್ಲಲಿಲ್ಲ, ಸದ್ದಿಲ್ಲದೆ ಉರುಳಿತು. ಪವರ್ ಇಲ್ಲದ ಸ್ಟೀರಿಂಗಿನ ಜೊತೆ ಅವರ ಒಂದು ಕೈ ಗುದ್ದಾಡುತ್ತಿತ್ತು. ಇನ್ನೊಂದು ಕೈ ಕೀಲಿಯ ಕಡೆ ಹೋಯಿತು. ಆ ಕೀಲಿ ಹೊರಬಂದರೆ ನಾನು ಇಪ್ಪತ್ತು ಸಲ ಪರೀಕ್ಷಿಸಿದ ಪಿನ್ ಶಾಫ್ಟಿನ ಕಚ್ಚಿಗೆ ಬೀಳುತ್ತದೆ. ಅದು ಚೆನ್ನಾಗಿಯೇ ಬೀಳುತ್ತದೆ, ರಿಪೇರಿ ಮಾಡಿದವನು ನಾನೇ. “ಕೀಲಿ ಮುಟ್ಟಬೇಡಿ! ಬ್ರೇಕ್ ಒತ್ತಿ!” ಎಂದು ಕೂಗುತ್ತ ಓಡಿದೆ. ಗೇಟಿನ ಕಂಬಕ್ಕೆ ಒಂದು ಮೊಳ ಉಳಿದಿರುವಾಗ ಕಾರು ನಿಂತಿತು. ಅವರು ಇಳಿದು ಬಾಗಿಲು ಮುಚ್ಚಿದರು, ಮೆಲ್ಲಗೆ. ಜೋರಾಗಿ ಬಡಿದಿದ್ದರೆ ಸಮಾಧಾನವಾಗುತ್ತಿತ್ತು.

ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದರೆ ಕಣ್ಣೆದುರಿಗೇ ಇತ್ತು. ಕಾಲಮ್ ನಾಲ್ಕು ಸೆಂಟಿಮೀಟರ್ ಹೊರಬಂದಿದೆ, ನನ್ನ ಟೈ ವೈರನ್ನು ಇದ್ದಲ್ಲೇ ಹಿಡಿದಿದೆ, ಎಳೆತಕ್ಕೆ ಇಗ್ನಿಷನ್ ಸ್ವಿಚ್ಚಿಗೆ ವೈರು ಸಿಕ್ಕಿಸುವ ಕಪ್ಲರ್ ಅರ್ಧ ಕಳಚಿದೆ. ಪಕ್ಕದಲ್ಲೇ ಏರ್‌ಬ್ಯಾಗಿನ ಹಳದಿ ವೈರು. ಅದನ್ನೂ ಸೇರಿಸಿ ಕಟ್ಟಿರಲಿಲ್ಲ ಎಂಬುದು ನನ್ನ ಬುದ್ಧಿವಂತಿಕೆಯಲ್ಲ, ಟೈ ಗಿಡ್ಡವಾಗಿತ್ತು ಅಷ್ಟೇ.

ಟೈ ಕತ್ತರಿಸಿ, ಕಪ್ಲರಿನ ನಾಲಿಗೆ ಗಟ್ಟಿಯಾಗಿದೆಯೇ ಎಂದು ನೋಡಿ, ಗುಜರಿಗೆ ಬಿದ್ದಿದ್ದ ಹಳೆಯ ಹಾರ್ನೆಸ್‌ನಿಂದ ಕ್ಲಿಪ್ಪು ಕಿತ್ತು ಹಾಕಿದೆ. ಹೌದು, ಹತ್ತು ಹೆಜ್ಜೆ ದೂರದ ಗುಜರಿಯಲ್ಲಿ ಅದು ಇತ್ತು. ಎಂಜಿನ್ ಓಡುತ್ತಿರುವಾಗಲೇ ಕಾಲಮನ್ನು ಮೇಲೆ ಒಳಗೆ, ಮೇಲೆ ಹೊರಗೆ, ಕೆಳಗೆ ಒಳಗೆ, ಕೆಳಗೆ ಹೊರಗೆ ಇಟ್ಟು, ಪ್ರತಿ ಸಲವೂ ಸ್ಟೀರಿಂಗನ್ನು ಎರಡೂ ಕೊನೆಗಳಿಗೆ ತಿರುಗಿಸಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಈಗ ಯಾವ ಕಾಲಮ್ ಕೂಡಿಸಿದರೂ ಇದನ್ನು ಮಾಡುತ್ತೇನೆ. ಟ್ರಯಲ್‌ಗೂ ನನಗಿಂತ ಉದ್ದದವನನ್ನು ಕಳುಹಿಸುತ್ತೇನೆ. ಸುತ್ತಿಗೆ ತಂದ ಹುಡುಗನೇ ಆ ಉದ್ದದವನು. ಸ್ಟೀರಿಂಗ್ ಎಳೆದುಕೊಳ್ಳುವಾಗಲೆಲ್ಲ ಕಿಟಕಿಯಿಂದ ನನ್ನ ಕಡೆ ನೋಡುತ್ತಾನೆ, ಏನೂ ಹೇಳುವುದಿಲ್ಲ.

ಆ ಕಾರಿನ ಜಾಬ್ ಕಾರ್ಡನ್ನು ಸೂಪರ್‌ವೈಸರ್ ಗೇಟಿನ ಪ್ರಸಂಗಕ್ಕೆ ಮೊದಲೇ ಮುಗಿಸಿಬಿಟ್ಟಿದ್ದರು. ತಿದ್ದಿಸಬೇಕು ಎಂದರೆ ಸಿಸ್ಟಂ ಒಪ್ಪುವುದಿಲ್ಲ ಎಂದರು. ಹಾಗಾಗಿ ಫೈಲಿನಲ್ಲಿ ಈಗಲೂ ಇರುವುದು ಇಷ್ಟೇ: ಬ್ಯಾಟರಿ ಟರ್ಮಿನಲ್ ಸಡಿಲ, ಬಿಗಿಯಲಾಗಿದೆ. ಕೆಳಗೆ ನನ್ನ ಸಹಿ.